ಪುಸ್ತಕದ ಪಟ್ಟಿ ಬಿಟ್ಟ ಮೇಲೆ ಫ್ರೇಸಿಂಗ್ ಕೈಗೆ ಹತ್ತಿತು

"ಫ್ರೇಸ್ ಕಡಿಮೆ ಮಾಡಿದರೆ ಸ್ಪೀಡ್ ಎಲ್ಲಿಂದ ಬರುತ್ತದೆ ಮಾರಾಯಾ?" ಎಂದು, ನಾನು ಶಾರ್ಟ್‌ಹ್ಯಾಂಡ್ ಪುಸ್ತಕದ ಫ್ರೇಸ್ ಪಟ್ಟಿ ಬಿಡುತ್ತೇನೆ ಎಂದಾಗ ನಮ್ಮ ಮಾಷ್ಟ್ರೇ ಕೇಳಿದ್ದರು. ಫ್ರೇಸ್ ಎಂದರೆ ಒಟ್ಟಿಗೆ ಬರುವ ಪದಗಳನ್ನು ಕೈ ಎತ್ತದೆ ಒಂದೇ ಗುರುತಾಗಿ ಬರೆಯುವುದು. ಈಗ ಪಿಟ್‌ಮನ್ ಪದ್ಧತಿಯ ಇಂಗ್ಲಿಷ್ ಶಾರ್ಟ್‌ಹ್ಯಾಂಡಿನಲ್ಲಿ ನಿಮಿಷಕ್ಕೆ 100 ಪದ ಆರಾಮಾಗಿ ಬರೆಯುತ್ತೇನೆ, ಬರೆದದ್ದನ್ನು ತಡವರಿಸದೆ ಓದುತ್ತೇನೆ. ನಮ್ಮ ಬ್ಯಾಚಿನಲ್ಲಿ ಅಷ್ಟು ಚೊಕ್ಕವಾಗಿ ಓದುವವರು ಬೇರೆ ಇರಲಿಲ್ಲ.

ಬದಿಯಡ್ಕದಿಂದ ಕುಂಬಳೆಗೆ ಬಸ್ಸು, ಅಲ್ಲಿಂದ ಮಂಗಳೂರಿಗೆ ರೈಲು. ಎರಡು ವರ್ಷ ಹೀಗೆ ಹೋಗಿ ಬಂದೆ. ಫೀಸು, ಸೀಸನ್ ಟಿಕೆಟ್, ಪುಸ್ತಕ, ನಿಬ್ಬು ಎಲ್ಲ ಸೇರಿ 30 ಸಾವಿರದ ಹತ್ತಿರ ಆಗಿರಬಹುದು. ಮೊದಲ ವರ್ಷದ ದುಡ್ಡಂತೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಪುಸ್ತಕದ ಫ್ರೇಸ್ ಪಟ್ಟಿಯನ್ನು ದಿನಕ್ಕೆ ಇಪ್ಪತ್ತರಂತೆ ಬಾಯಿಪಾಠ ಮಾಡುತ್ತಿದ್ದೆ. ಡಿಕ್ಟೇಶನ್ ಶುರುವಾದರೆ 'ಇದಕ್ಕೊಂದು ಫ್ರೇಸ್ ಇತ್ತಲ್ವಾ' ಎಂದು ನೆನಪು ಮಾಡಿಕೊಳ್ಳುವಷ್ಟರಲ್ಲಿ ನಾಲ್ಕು ಪದ ಹೋಗಿರುತ್ತಿತ್ತು. ಉದ್ದದ ಫ್ರೇಸ್ ಬರೆದರೆ ಗೆರೆ ಕೆಳಗಿಳಿದು ಮುಂದಿನ ಸಾಲಿಗೆ ತಾಗುತ್ತಿತ್ತು.

ಮೊದಲ ಸ್ಕಿಲ್ ಟೆಸ್ಟ್ ಹೋದದ್ದೂ ಫ್ರೇಸಿನಿಂದಲೇ. ಕೇಂದ್ರ ಸರಕಾರದ ಸ್ಟೆನೋ ಕೆಲಸದ ಗ್ರೇಡ್ ಡಿ, ನಿಮಿಷಕ್ಕೆ 80 ಪದದ ಸ್ಪೀಡು, ಹತ್ತು ನಿಮಿಷ. ಹಿಂದಿನ ಪದದ ಗುರುತಿಗೆ ಅಡ್ಡ ಹಾಕುವ 'ಪಿ' ಗೆರೆಯನ್ನು ನಾನು ಪಾರ್ಟಿ, ಪಾಲಿಸಿ ಎರಡಕ್ಕೂ ಇಟ್ಟುಕೊಂಡಿದ್ದೆ. ಟೈಪ್ ಮಾಡುವಾಗ 'ನ್ಯಾಷನಲ್ ಪಾಲಿಸಿ' ಇದ್ದಲ್ಲೆಲ್ಲ 'ನ್ಯಾಷನಲ್ ಪಾರ್ಟಿ' ಮಾಡಿದೆ. ಹೊರಗೆ ಬಂದ ಮೇಲೆ ಹೊಳೆಯಿತು. ಆ ದಿನ ಊಟ ಸೇರಲಿಲ್ಲ.

ಆಮೇಲೆ ಮಾಡಿದ್ದು ಇಷ್ಟೇ. ಹಳೆಯ ಡಿಕ್ಟೇಶನ್ ಸುಮಾರು ನಲವತ್ತು ತೆಗೆದುಕೊಂಡು, ಒಟ್ಟಿಗೆ ಬರುವ ಪದಗಳಿಗೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಐದಾರು ಕಡೆ ಬಂದದ್ದನ್ನು ಇಟ್ಟುಕೊಂಡೆ, ಉಳಿದದ್ದು ಬಿಟ್ಟೆ. ಅರುವತ್ತು ಚಿಲ್ಲರೆ ಉಳಿಯಿತು. 'ವಿತ್ ರಿಗಾರ್ಡ್ ಟು', 'ಐ ವುಡ್ ಲೈಕ್ ಟು' ಇಂಥವೇ ಜಾಸ್ತಿ. ಒಂದೊಂದನ್ನೂ ಸುಮ್ನೆ ಬಿಡಿಯಾಗಿ ಬರೆಯಲಿಲ್ಲ. ಹಿಂದಿನ ಎರಡು ಪದ, ಮುಂದಿನ ಎರಡು ಪದ ಸೇರಿಸಿಯೇ ಬರೆದೆ, ಯಾಕೆಂದರೆ ಕೈ ಎಡವುವುದು ಫ್ರೇಸಿನ ಒಳಗಲ್ಲ, ಅದಕ್ಕೆ ಹೋಗುವಾಗ ಮತ್ತು ಅದರಿಂದ ಹೊರಗೆ ಬರುವಾಗ.

ಜಾಸ್ತಿ ದಿನ ತಿಂದದ್ದು 'ಎಫ್' ಗೆರೆ. ಪೂರ್ತಿ ಉದ್ದಕ್ಕೆ ಬರೆದರೆ 'ಇಫ್', ಅರ್ಧ ಮಾಡಿದರೆ 'ಇಫ್ ಇಟ್', ದುಪ್ಪಟ್ಟು ಮಾಡಿದರೆ 'ಇಫ್ ದೇರ್'. ಸ್ಪೀಡ್ ಏರಿದ ಹಾಗೆ ಕೈ ಚಿಕ್ಕದಾಗಿ, ಪೂರ್ತಿಯೂ ಅರ್ಧದ ಹಾಗೆ ಕಾಣುತ್ತಿತ್ತು. ಮೂರನ್ನೂ ಪಕ್ಕಪಕ್ಕ ಬರೆದು ಬರೆದು ಒಂದು ಪುಸ್ತಕ ಮುಗಿಸಿದೆ, ಅರ್ಧವನ್ನು ಬೇಕೆಂದೇ ತೀರಾ ಗಿಡ್ಡ ಮಾಡಿ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಈ ಅರುವತ್ತನ್ನು ಯಾವ ಕ್ರಮದಲ್ಲಿ ತಿರುವಿ ಹಾಕುತ್ತೇನೆ ಎಂಬುದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ಕನ್ನಡದಲ್ಲೂ ಪ್ರಯತ್ನ ಮಾಡಿದೆ, ರೇಡಿಯೋ ವಾರ್ತೆ ಕೇಳಿಕೊಂಡು. ಕನ್ನಡದಲ್ಲಿ 'ಮಾಡಬೇಕಾಗುತ್ತದೆ' ಒಂದೇ ಪದ, ಬಾಲವೇ ಉದ್ದ. 'ಬೇಕಾಗುತ್ತದೆ'ಗೆ ನನ್ನದೇ ಒಂದು ಚಿಕ್ಕ ಗುರುತು ಮಾಡಿದೆ, ತುಂಬ ಸಮಯ ಉಳಿಯಿತು. ಆದರೆ 'ಬೇಕಾಗಿತ್ತು' ಕೂಡ ಅದರಲ್ಲೇ ಸೇರಿಕೊಂಡು, ನಿನ್ನೆ ಆಗಿಹೋದದ್ದನ್ನೆಲ್ಲ ನಾಳೆ ಮಾಡಬೇಕು ಎಂದು ಓದಿದೆ. ಈಗ 'ಬೇಕಾಗಿತ್ತು' ಬಂದರೆ ಪೂರ್ತಿ ಬರೆಯುತ್ತೇನೆ.