ದೇವರನ್ನು ನಂಬದವರ ಮಾತನ್ನು ನಂಬಬಹುದೇ? ರಾಜಕೀಯದ ನೀತಿಯನ್ನು ತೂಗಿ ನೋಡುವ ಕ್ರಮ

ಚುನಾವಣೆ ಹತ್ತಿರ ಬಂತೆಂದರೆ ಅಂಕೋಲೆಯ ನಮ್ಮ ಕೇರಿಯ ಜಗುಲಿಗಳಲ್ಲಿ ಒಂದು ವಾದ ತಪ್ಪದೆ ಏಳುತ್ತದೆ. ದೇವರಿಗೇ ಹೆದರದವನು ಜನರಿಗೆ ಹೆದರುತ್ತಾನೆಯೇ ಎಂದು ಒಬ್ಬರು ಕೇಳುತ್ತಾರೆ. ದೇವರ ಹೆಸರು ಹೇಳಿಕೊಂಡೇ ತಿಂದವರನ್ನು ನಾವು ನೋಡಿಲ್ಲವೇ ಎಂದು ಇನ್ನೊಬ್ಬರು ತಿರುಗಿ ಕೇಳುತ್ತಾರೆ. ಚಹಾ ಆರುವಷ್ಟರಲ್ಲಿ ಮಾತು ಜಾತಿಗೆ, ಮನೆತನಕ್ಕೆ, ಹಳೆಯ ಜಗಳಕ್ಕೆ ಹೊರಳಿ ಮೂಲ ಪ್ರಶ್ನೆ ಇದ್ದಲ್ಲೇ ಉಳಿಯುತ್ತದೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದ ನಾನು ಈ ವಾದವನ್ನು ಹಲವು ಸಲ ನಾನೇ ಕೆಡಿಸಿದ್ದೇನೆ, ಕೆಲವು ಸಲ ಸರಿಯಾಗಿ ನಡೆಸಿದ್ದೇನೆ. ರಾಜಕೀಯದಲ್ಲಿನ ನೀತಿ ಧಾರ್ಮಿಕ ನಂಬಿಕೆಯ ಮೇಲೆಯೇ ನಿಂತಿದೆಯೇ ಎಂಬ ಪ್ರಶ್ನೆಯನ್ನು ಮನೆಯಲ್ಲಿ, ಸಂಘದಲ್ಲಿ, ಕಾಲೇಜಿನಲ್ಲಿ ಕೈಗೆತ್ತಿಕೊಳ್ಳುವವರು ಯಾವ ಕ್ರಮದಲ್ಲಿ ಹೋದರೆ ಮಾತು ದಡ ಹತ್ತುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಪದಗಳನ್ನು ಬಿಡಿಸಿಕೊಳ್ಳಬೇಕು. ಇದಕ್ಕೆ ಅರ್ಧ ಗಂಟೆ ಹೋದರೂ ನಷ್ಟವಿಲ್ಲ. 'ಮತ' ಎಂದರೆ ನಮ್ಮ ಭಾಷೆಯಲ್ಲಿ ಅಭಿಪ್ರಾಯವೂ ಹೌದು, ಪಂಥವೂ ಹೌದು, ಓಟೂ ಹೌದು. 'ಧರ್ಮ' ಇದಕ್ಕಿಂತ ತೊಡಕಿನದು: ಧರ್ಮಾಸ್ಪತ್ರೆಯಲ್ಲಿರುವುದು ದಾನ, ಧರ್ಮಸಂಕಟದಲ್ಲಿರುವುದು ಕರ್ತವ್ಯ, ಜನಗಣತಿಯವರು ಬರೆದುಕೊಳ್ಳುವುದು ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಗುರುತು. ಧರ್ಮವಿಲ್ಲದ ರಾಜಕೀಯ ಹಾಳು ಎಂದು ವೇದಿಕೆಯ ಮೇಲಿಂದ ಕೇಳಿಬಂದಾಗ ಸಭೆ ತಲೆದೂಗುವುದು ಕರ್ತವ್ಯವೆಂಬ ಅರ್ಥಕ್ಕೆ. ಭಾಷಣಕಾರರು ಮುಂದಿನ ಮಾತಿನಲ್ಲೇ ಆ ತಲೆದೂಗನ್ನು ಗುರುತಿನ ಅರ್ಥಕ್ಕೆ ವಸೂಲು ಮಾಡಿಕೊಂಡಿರುತ್ತಾರೆ. ಆದ್ದರಿಂದ ಕೇಳಿದ ವಾಕ್ಯವನ್ನು ಕಾಗದದ ಮೇಲೆ ಬರೆದು, 'ಧರ್ಮ' ಎಂಬುದನ್ನು ಹೊಡೆದುಹಾಕಿ, ಆ ಜಾಗದಲ್ಲಿ ಕೊಟ್ಟ ಮಾತು, ಲೆಕ್ಕ, ಕರುಣೆ, ಪೂಜೆ, ನಮ್ಮ ಜನ ಎಂಬಿವುಗಳನ್ನು ಒಂದೊಂದಾಗಿ ಇಟ್ಟು ಓದಿ. ಯಾವುದು ಸರಿಯಾಗಿ ಕೂರುತ್ತದೆಯೋ ಆ ವಿಷಯದ ಬಗ್ಗೆ ಮಾತ್ರ ವಾದ ಮಾಡಿ. 42ನೇ ತಿದ್ದುಪಡಿಯ ಮೂಲಕ 1976ರಲ್ಲಿ ಸಂವಿಧಾನದ ಪೀಠಿಕೆಗೆ ಸೇರಿದ 'ಸೆಕ್ಯುಲರ್' ಎಂಬ ಪದಕ್ಕೆ ಕನ್ನಡದಲ್ಲಿ ಜಾತ್ಯತೀತ, ಧರ್ಮನಿರಪೇಕ್ಷ, ಸರ್ವಧರ್ಮ ಸಮಭಾವ ಎಂಬ ಮೂರು ರೂಪಗಳು ಓಡಾಡುತ್ತಿವೆ; ಜಾತಿಯನ್ನು ಮೀರಿರುವುದು, ಧರ್ಮದ ಗೊಡವೆಗೆ ಹೋಗದಿರುವುದು, ಎಲ್ಲ ಧರ್ಮಗಳನ್ನು ಸಮನಾಗಿ ಕಾಣುವುದು ಒಂದೇ ಸಂಗತಿಯಲ್ಲವೆಂಬುದನ್ನು ಇಲ್ಲಿಯೇ ಗಮನಿಸಿಬಿಟ್ಟರೆ ಮುಂದಿನ ಅರ್ಧ ಜಗಳ ತಪ್ಪುತ್ತದೆ.

ಎರಡನೆಯದಾಗಿ, ಪ್ರಶ್ನೆಯನ್ನೇ ಸೀಳಬೇಕು. ನೀತಿಗೆ ನಂಬಿಕೆ ಬೇಕೇ ಎಂದು ಕೇಳುವಾಗ ನಾವು ಒಂದರೊಳಗೊಂದು ಹೆಣೆದುಕೊಂಡ ಮೂರು ಪ್ರಶ್ನೆಗಳನ್ನು ಕೇಳುತ್ತಿರುತ್ತೇವೆ. ಸರಿಯಾದುದನ್ನು ಮಾಡುವ ಬಲ ಮನುಷ್ಯನಿಗೆ ಎಲ್ಲಿಂದ ಬರುತ್ತದೆ? ಒಂದು ಕೆಲಸ ಸರಿ ಎನ್ನಿಸಿಕೊಳ್ಳುವುದು ಯಾವ ಕಾರಣಕ್ಕೆ? ಅಧಿಕಾರದಲ್ಲಿ ಕೂತವರು ಕೊಟ್ಟ ಮಾತು ನಡೆಸುತ್ತಾರೆಂದು ನಾವು ಯಾವ ಆಧಾರದ ಮೇಲೆ ನಂಬಬೇಕು? ಮೊದಲನೆಯದಕ್ಕೆ ದೊರೆತ ಉತ್ತರವನ್ನು ಎರಡನೆಯದಕ್ಕೆ ಅಂಟಿಸುವುದರಿಂದಲೇ ಗೋಜಲು ಹುಟ್ಟುವುದು.

ಬಲದ ಪ್ರಶ್ನೆಯಲ್ಲಿ ನಂಬಿಕೆಯನ್ನು ಕಡೆಗಣಿಸುವವರು ನಮ್ಮ ಜಿಲ್ಲೆಯ ಇತಿಹಾಸವನ್ನು ಓದಿಲ್ಲ. 1930ರ ಏಪ್ರಿಲ್‌ನಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲಿ ಉಪ್ಪಿನ ಕಾಯಿದೆ ಮುರಿದಾಗಲೂ, ಮುಂದೆ ಅಂಕೋಲೆ, ಸಿದ್ದಾಪುರಗಳಲ್ಲಿ ಕರನಿರಾಕರಣೆ ನಡೆದು ರೈತರ ಜಮೀನು ಜಪ್ತಿಯಾದಾಗಲೂ, ಬೀದಿಗೆ ಬಂದ ಕುಟುಂಬಗಳಲ್ಲಿ ಹೆಚ್ಚಿನವು ದಿನವೂ ತುಳಸಿಗೆ ದೀಪ ಹಚ್ಚುವ ಮನೆಗಳೇ ಆಗಿದ್ದವು. ಆದರೆ ಅದೇ ಚಳವಳಿಯ ಒಳಗೆ ಆಂಧ್ರದ ನಾಸ್ತಿಕ ಗೋರಾ, ಅಂದರೆ ಗೋಪರಾಜು ರಾಮಚಂದ್ರ ರಾವ್, ದೇವರಿಲ್ಲವೆಂದು ಹೇಳುತ್ತಲೇ ಅಸ್ಪೃಶ್ಯತೆಯ ವಿರುದ್ಧ ದುಡಿಯುತ್ತಿದ್ದರು. 1944ರಲ್ಲಿ ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯೊಡನೆ ಮಾತಿಗೆ ಕೂತ ಗೋರಾ ತಮ್ಮ ನಿಲುವು ಬಿಡಲಿಲ್ಲ, ಗಾಂಧೀಜಿ ತಮ್ಮದನ್ನು ಬಿಡಲಿಲ್ಲ. ಗೋರಾ ಅವರ ಮಗಳ ಮದುವೆಯ ಮಾತು ಬಂದಾಗ ಮಾತ್ರ, ಪ್ರತಿಜ್ಞೆಯಲ್ಲಿ ದೇವರ ಹೆಸರಿದ್ದ ಜಾಗದಲ್ಲಿ ಸತ್ಯದ ಹೆಸರನ್ನು ಇಡಲು ಗಾಂಧೀಜಿ ಒಪ್ಪಿದರು. ಮದುವೆ ನಡೆಯುವ ಹೊತ್ತಿಗೆ, 1948ರಲ್ಲಿ, ಅವರು ಬದುಕಿರಲಿಲ್ಲ. ದೇವರೇ ಸತ್ಯ ಎನ್ನುತ್ತಿದ್ದವರು 1931ರ ಹೊತ್ತಿಗೆ ಸತ್ಯವೇ ದೇವರು ಎಂದು ಹೇಳತೊಡಗಿದ್ದರ ಪರಿಣಾಮ ಇಂಥ ಸಣ್ಣ ಬದಲಾವಣೆಯಲ್ಲಿ ಕಾಣುತ್ತದೆ. ಸಭೆಯಲ್ಲಿ ಈ ಎರಡು ಉದಾಹರಣೆಗಳನ್ನು ಜೊತೆಯಾಗಿಯೇ ಇಡಬೇಕು. ಒಂದನ್ನೇ ಇಟ್ಟರೆ ಅರ್ಧ ಜನ ಎದ್ದು ಹೋಗುತ್ತಾರೆ.

ಎರಡನೆಯ ಪ್ರಶ್ನೆ ಹಳೆಯದು. ದೇವತೆಗಳು ಮೆಚ್ಚುವುದರಿಂದ ಒಂದು ಕೆಲಸ ಒಳ್ಳೆಯದಾಗುತ್ತದೆಯೋ, ಒಳ್ಳೆಯದಾಗಿರುವುದರಿಂದ ಅವರು ಅದನ್ನು ಮೆಚ್ಚುತ್ತಾರೆಯೋ ಎಂದು ಪ್ಲೇಟೋನ ಸಂವಾದವೊಂದರಲ್ಲಿ ಸಾಕ್ರೆಟಿಸ್ ಕೇಳುತ್ತಾನೆ. ಇದನ್ನು ಗ್ರೀಸಿನ ವೇಷದಲ್ಲೇ ಸಭೆಗೆ ತಂದರೆ ಜನ ಆಕಳಿಸುತ್ತಾರೆ. ಶಿರಸಿಯ ಮಾರಿಕಾಂಬೆಯ ಜಾತ್ರೆಯನ್ನು ನೆನಪಿಸಿ. ಎರಡು ವರ್ಷಕ್ಕೊಮ್ಮೆ ನಡೆಯುವ ಆ ಜಾತ್ರೆಯಲ್ಲಿ ಒಂದು ಕಾಲದಲ್ಲಿ ಕೋಣದ ಬಲಿ ಇತ್ತು. 1930ರ ದಶಕದಲ್ಲಿ, ಗಾಂಧೀಜಿ ಶಿರಸಿಗೆ ಬಂದುಹೋದ ಕಾಲದಲ್ಲಿ, ಊರಿನ ಸುಧಾರಕರು ಅದರ ವಿರುದ್ಧ ದನಿ ಎತ್ತಿದರು, ಬಲಿ ನಿಂತಿತು, ಜಾತ್ರೆ ನಿಲ್ಲಲಿಲ್ಲ. ಅಮ್ಮನ ಭಕ್ತರೇ ಅಮ್ಮನ ಹೆಸರಿನ ಒಂದು ಆಚರಣೆಯನ್ನು ತಪ್ಪೆಂದು ನಿರ್ಧರಿಸಿದ್ದರೆ, ಆ ನಿರ್ಧಾರದ ಅಳತೆಗೋಲು ಆಚರಣೆಯೊಳಗಿಂದ ಬಂದಿರಲಾರದು. ಭಕ್ತಿಯೂ ಆ ಕೋಲಿಗೆ ಒಪ್ಪಿಕೊಂಡು ನಡೆದಿದೆ ಎಂಬುದು ನಾನು ಈ ಘಟನೆಯಿಂದ ತೆಗೆಯುವ ಅರ್ಥ. ಭಕ್ತಿಯೇ ಒಳಗಿನಿಂದ ತನ್ನನ್ನು ತಿದ್ದಿಕೊಂಡಿತು ಎಂದು ವಾದಿಸುವವರೂ ಇದ್ದಾರೆ, ಅವರಿಗೂ ಸಮಯ ಕೊಡಿ.

ಮೂರನೆಯದೇ ರಾಜಕೀಯದ ನಿಜವಾದ ಪ್ರಶ್ನೆ, ಮತ್ತು ಇಲ್ಲಿ ನಾನೇ ಎಡವಿದ್ದೇನೆ. ಒಂದು ಚುನಾವಣೆಗೆ ಎರಡು ದಿನ ಮೊದಲು, ಪೇಟೆಯಲ್ಲಿ ಬಸಳೆ, ಹರಿವೆ ಮಾರುವ ಹೆಂಗಸೊಬ್ಬಳು ನನ್ನನ್ನು ಹತ್ತಿರ ಕರೆದು, ಎಲೆಯಡಿಕೆಯ ಚೀಲದೊಳಗಿಂದ ನಾಲ್ಕಾಗಿ ಮಡಚಿದ 500 ರೂಪಾಯಿಯ ಎರಡು ನೋಟು ತೋರಿಸಿದಳು. ಅವಳ ಮಗ ನನ್ನ ಕೈಯಲ್ಲಿ ಕಲಿತವನು. "ಅಕ್ಕೋರೇ, ರಾತ್ರಿ ಬಂದು ಇದನ್ನ ಕೊಟ್ಟು, ಕಾಯಿ ಮುಟ್ಟಿಸಿ ಆಣೆ ಹಾಕಿಸ್ಕಂಡು ಹೋದ್ರು. ನಂಗೆ ಆ ಜನ ಬೇಡಾಗಿತ್ತು. ಈಗ ಅವ್ರಿಗೆ ಹಾಕದಿದ್ರೆ ದೇವ್ರು ಸುಮ್ನೆ ಬಿಡ್ತದ್ಯಾ?" ಎಂದು ಕೇಳಿದಳು. ಅದೆಲ್ಲ ಮೂಢನಂಬಿಕೆ, ತಲೆ ಕೆಡಿಸಿಕೊಳ್ಳಬೇಡ ಎಂದುಬಿಟ್ಟೆ. ಅವಳು ಮರುಮಾತಾಡದೆ ನೋಟು ಮಡಚಿ ಒಳಗಿಟ್ಟುಕೊಂಡಳು. ಅವಳ ಮುಖ ಮುಚ್ಚಿಕೊಂಡದ್ದು ನನಗೆ ಕಂಡಿತು. ಮರುದಿನ ಹೋಗಿ ಬೇರೆ ರೀತಿಯಲ್ಲಿ ಕೇಳಿದೆ: ಕದ್ದ ಮಾಲನ್ನು ಅಡಗಿಸಿಡುತ್ತೇನೆಂದು ಯಾರಾದರೂ ಕಾಯಿ ಮುಟ್ಟಿ ಮಾತು ಕೊಟ್ಟಿದ್ದರೆ ಅದನ್ನು ನಡೆಸಲೇಬೇಕೇ? ಅವಳು ಸ್ವಲ್ಪ ಹೊತ್ತು ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತ ಕೂತಳು. ಆಮೇಲೆ, "ಅಂಥದ್ದಕ್ಕೆ ಕಾಯಿ ಮುಟ್ಟಿಸೂದೇ ತಪ್ಪಲ್ರಾ" ಎಂದಳು. ಸಾಕ್ರೆಟಿಸ್ ಕೇಳಿದ್ದಕ್ಕೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಕೇಳಿಲ್ಲ. ಆಣೆಗೆ ಕಟ್ಟುವ ಶಕ್ತಿ ಅವಳ ನಂಬಿಕೆಯಿಂದ ಬಂದಿತ್ತು. ಆ ಆಣೆ ಕಟ್ಟಬೇಕಾದದ್ದೋ ಅಲ್ಲವೋ ಎಂಬ ತೀರ್ಪು, ಅವಳು ನಂಬಿಕೆಯನ್ನು ಬಿಡದೆಯೇ, ನಂಬಿಕೆಗಿಂತ ಮೊದಲಿನದೊಂದು ಜಾಗದಿಂದ ಬಂತು.

ಇಂಥ ಸಂದರ್ಭದಲ್ಲಿ ಕಾನೂನನ್ನೂ ತಿಳಿಸಬೇಕು, ಏಕೆಂದರೆ ಅದು ಹೆದರಿಕೆಯನ್ನು ಇಳಿಸುತ್ತದೆ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 123ನೇ ಕಲಮು ಮತಕ್ಕೆ ಹಣ ಕೊಡುವುದನ್ನು ಭ್ರಷ್ಟ ಆಚರಣೆಯೆಂದು ಕರೆಯುವುದಲ್ಲದೆ, ದೈವದ ಕೋಪಕ್ಕೆ ಗುರಿಯಾಗುತ್ತೀರೆಂದು ಮತದಾರರನ್ನು ನಂಬಿಸುವುದನ್ನೂ ಅನುಚಿತ ಪ್ರಭಾವವೆಂದು ಹೆಸರಿಸಿ ಅದೇ ಸಾಲಿಗೆ ಸೇರಿಸುತ್ತದೆ. ಭಾರತೀಯ ನ್ಯಾಯ ಸಂಹಿತೆಯ 171ನೇ ಕಲಮಿನಲ್ಲಿಯೂ ಇದೇ ಮಾತಿದೆ. ಅದೇ 123ನೇ ಕಲಮಿನ ಮೂರನೆಯ ಉಪಕಲಮು ಧರ್ಮ, ಜಾತಿ, ಭಾಷೆಗಳ ಹೆಸರಿನಲ್ಲಿ ಮತ ಕೇಳುವುದನ್ನು ತಡೆಯುತ್ತದೆ. ಆ ನಿಷೇಧ ಅಭ್ಯರ್ಥಿಯ ಗುರುತಿಗೆ ಮಾತ್ರವಲ್ಲ, ಮತದಾರರ ಗುರುತಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ನಾಲ್ಕು-ಮೂರರ ಬಹುಮತದಿಂದ ಹೇಳಿತು. ಮೂವರು ಒಪ್ಪಲಿಲ್ಲವೆಂಬುದನ್ನು ಮುಚ್ಚಿಡಬೇಡಿ. ಧರ್ಮ, ಜಾತಿಗಳ ಕಾರಣಕ್ಕೆ ಅನ್ಯಾಯ ಅನುಭವಿಸಿದವರು ಆ ಅನ್ಯಾಯವನ್ನು ಚುನಾವಣೆಯಲ್ಲಿ ಎತ್ತಬಾರದೇ ಎಂಬ ಅವರ ಆತಂಕ ಹಗುರವಾದದ್ದಲ್ಲ.

ನಾಸ್ತಿಕರ ಆಣೆಗೆ ಬೆಲೆಯಿಲ್ಲ ಎಂಬ ವಾದ ಬಂದರೆ ಅದರ ವಂಶಾವಳಿಯನ್ನು ತಿಳಿಸಿ. 1689ರಲ್ಲಿ ಪ್ರಕಟವಾದ ಪತ್ರದಲ್ಲಿ ಧಾರ್ಮಿಕ ಸಹನೆಯ ಪರವಾಗಿ ವಾದಿಸಿದ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್, ದೇವರನ್ನು ಒಪ್ಪದವರಿಗೆ ಆ ಸಹನೆಯನ್ನು ಕೊಡಲಿಲ್ಲ. ಮಾತು, ಕರಾರು, ಪ್ರಮಾಣಗಳು ಅವರನ್ನು ಕಟ್ಟಲಾರವು ಎಂಬುದು ಅವನ ಕಾರಣ. ಕಾಯಿ ಮುಟ್ಟಿಸಿದವರ ಲೆಕ್ಕಾಚಾರವೂ ಇದೇ, ತುಸು ತಿರುಗಿಸಿದ್ದು: ನಂಬುವವರನ್ನು ಮಾತ್ರ ಕಟ್ಟಿಹಾಕಬಹುದು. ನಮ್ಮ ಸಂವಿಧಾನ ಸಭೆ ಈ ದಾರಿ ಹಿಡಿಯಲಿಲ್ಲ. ಪೀಠಿಕೆಯನ್ನು ದೇವರ ಹೆಸರಿನಿಂದ ಆರಂಭಿಸಬೇಕೆಂದು ಎಚ್. ವಿ. ಕಾಮತ್ 1949ರ ಅಕ್ಟೋಬರ್ 17ರಂದು ತಂದ ತಿದ್ದುಪಡಿ ಮತಕ್ಕೆ ಹೋಗಿ, ಪರವಾಗಿ 41, ವಿರುದ್ಧವಾಗಿ 68 ಮತ ಬಿದ್ದು ಸೋತಿತು. ವಿರೋಧಿಸಿದವರೆಲ್ಲ ನಾಸ್ತಿಕರಾಗಿರಲಿಲ್ಲ, ನಂಬಿಕೆಯ ವಿಷಯದಲ್ಲಿ ಬಹುಮತ ಯಾರನ್ನೂ ಬಲವಂತ ಮಾಡಬಾರದು ಎಂಬುದು ಹೃದಯನಾಥ ಕುಂಜ್ರೂ ಅವರಂಥವರ ಆಕ್ಷೇಪವಾಗಿತ್ತು. ಹಾಗಾಗಿ ಮೂರನೇ ಅನುಸೂಚಿಯ ಪ್ರಕಾರ ಶಾಸಕರು, ಮಂತ್ರಿಗಳು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ದೇವರ ಹೆಸರಿಲ್ಲದೆ ದೃಢವಚನ ಕೊಡಬಹುದು. ಎರಡರ ತೂಕವೂ ಒಂದೇ. 1948ರ ನವೆಂಬರ್ 4ರ ಭಾಷಣದಲ್ಲಿ ಅಂಬೇಡ್ಕರ್ ಸಂವಿಧಾನಾತ್ಮಕ ನೈತಿಕತೆ ತಾನಾಗಿ ಹುಟ್ಟುವ ಭಾವನೆಯಲ್ಲ, ಅದನ್ನು ಬೆಳೆಸಿಕೊಳ್ಳಬೇಕು ಎಂದಿದ್ದರು. ಬೆಳೆಸಿಕೊಳ್ಳುವಂಥದ್ದಾದರೆ ಅದನ್ನು ಪೂಜೆ ಮಾಡುವವರೂ ಮಾಡದವರೂ ಕಲಿಯಬಹುದು.

ಇಷ್ಟಾದ ಮೇಲೆ ಅದಲುಬದಲು ಪರೀಕ್ಷೆಗೆ ಹೋಗಿ. ಒಂದೇ ಬೇಡಿಕೆಯನ್ನು ಬೇರೆ ಬೇರೆ ನಂಬಿಕೆಯವರ ಬಾಯಲ್ಲಿ ಇಟ್ಟು, ಅದು ಆಗಲೂ ಸರಿಯೆನಿಸುತ್ತದೆಯೇ ಎಂದು ನೋಡುವುದೇ ಈ ಪರೀಕ್ಷೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಕಲ್ಪನೆಯ ಉದಾಹರಣೆ ಬೇಕಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯ ಕಾಡಿನಲ್ಲಿ ಮರಗಳನ್ನು ತಬ್ಬಿ ನಿಂತ ಅಪ್ಪಿಕೋದವರು ಅಡಿಕೆ ತೋಟದ ಹಳ್ಳಿಗಳ ಜನ; ಬೇಡ್ತಿ, ಅಘನಾಶಿನಿ ಕೊಳ್ಳಗಳ ಉಳಿವಿಗೆ ಮುಂದೆ ನಿಂತವರು ಸ್ವರ್ಣವಲ್ಲೀ ಮಠದ ಸ್ವಾಮಿಗಳು; ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಇಲ್ಲಿಂದಲೇ ಲೋಕಸಭೆಗೆ ಸ್ಪರ್ಧಿಸಿ ಸೋತ ಶಿವರಾಮ ಕಾರಂತರು ದೇವರ ವಿಷಯದಲ್ಲಿ ಸಂದೇಹವಾದಿಯೆಂದೇ ಹೆಸರಾದವರು. ಮೂವರ ಮಾತಿನ ತಿರುಳು ಒಂದೇ: ಇವತ್ತಿನ ಲಾಭಕ್ಕೆ ನಾಳಿನವರ ನೆಲ, ನೀರು ಕೆಡಿಸಬಾರದು. ಅದನ್ನು ಒಪ್ಪಲು ಮಠಕ್ಕೆ ನಡೆದುಕೊಳ್ಳಬೇಕಾಗಿಲ್ಲ, ಮಠವನ್ನು ಬಿಡಬೇಕಾಗಿಯೂ ಇಲ್ಲ. ಹೀಗೆ ಬಾಯಿ ಬದಲಾದ ಕೂಡಲೇ ಕುಸಿದುಬೀಳುವ ಬೇಡಿಕೆಗಳನ್ನು, ಅಂದರೆ ನಮ್ಮವರು ಕೇಳಿದರೆ ಹಕ್ಕು, ಅವರು ಕೇಳಿದರೆ ಓಲೈಕೆ ಎನ್ನಿಸುವಂಥವನ್ನು, ಬೇರೆ ಪಟ್ಟಿ ಮಾಡಿ.

ಆಮೇಲೆ ನಡೆಯನ್ನು ನೋಡಿ. ಮೌಲ್ಯಾಧಾರಿತ ರಾಜಕಾರಣ ಎಂಬ ಮಾತು ಕರ್ನಾಟಕದಲ್ಲಿ ಬಳಕೆಗೆ ಬಂದದ್ದು ನಮ್ಮ ಸಿದ್ದಾಪುರ ಸೀಮೆಯ ರಾಮಕೃಷ್ಣ ಹೆಗಡೆಯವರ ಹೆಸರಿನೊಂದಿಗೆ. ಅವರು ಎಷ್ಟು ದೈವಭಕ್ತರಾಗಿದ್ದರು ಎಂಬುದರಿಂದ ಆ ಮಾತನ್ನು ಅಳೆಯಲು ಬರುವುದಿಲ್ಲ. 1984ರ ಲೋಕಸಭಾ ಚುನಾವಣೆಯಲ್ಲಿ ಪಕ್ಷ ಸೋತಾಗ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದದ್ದು, ಲೋಕಾಯುಕ್ತ ಕಾಯಿದೆ ತಂದದ್ದು ಒಂದು ತಟ್ಟೆಯಲ್ಲಿ. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಪ್ರಕರಣದಲ್ಲಿ ಅಧಿಕಾರ ಬಿಡಬೇಕಾಗಿ ಬಂದದ್ದು ಇನ್ನೊಂದರಲ್ಲಿ. ಎರಡು ತಟ್ಟೆಯಲ್ಲೂ ಇರುವುದು ದಾಖಲೆ, ಎತ್ತಿ ತೂಗಬಹುದಾದದ್ದು. ಮನಸ್ಸಿನೊಳಗಿನ ಭಕ್ತಿಯನ್ನು ತೂಗುವ ತಕ್ಕಡಿ ಯಾರ ಬಳಿಯೂ ಇಲ್ಲ.

ಸಭೆ ನಡೆಸುವವರಿಗೆ ಎರಡು ಎಚ್ಚರಿಕೆಗಳು. ಒಬ್ಬರು ಧರ್ಮಯುದ್ಧಗಳ ಹೆಣ ಎಣಿಸಿದರೆ ಇನ್ನೊಬ್ಬರು ಸ್ಟಾಲಿನ್ನನ ಕಾಲದ ಹೆಣ ಎಣಿಸುತ್ತಾರೆ. ಆ ವಿನಿಮಯವನ್ನು ಒಂದು ಸುತ್ತಿನ ನಂತರ ನಿಲ್ಲಿಸಿ, ಏಕೆಂದರೆ ಎರಡೂ ಕಡೆಯವರು ಅಧಿಕಾರಕ್ಕೆ ಕಡಿವಾಣವಿಲ್ಲದಾಗ ಏನಾಗುತ್ತದೆಂಬುದನ್ನೇ ಹೇಳುತ್ತಿರುತ್ತಾರೆ. ಇನ್ನೊಂದು, ನೀವು ಪೂಜೆ ಮಾಡುತ್ತೀರಾ ಎಂದು ಯಾರನ್ನೂ, ಅಭ್ಯರ್ಥಿಯನ್ನೂ, ಕೇಳಬೇಡಿ. ಕಳೆದ ಅವಧಿಯಲ್ಲಿ ಕೊಟ್ಟ ಯಾವ ಮಾತು ನಡೆಯಲಿಲ್ಲ, ಯಾಕೆ ನಡೆಯಲಿಲ್ಲ, ಈ ಕೆಲಸದಿಂದ ನಷ್ಟ ಯಾರಿಗೆ, ಅವರನ್ನು ಕೇಳಿದ್ದೀರಾ ಎಂದು ಕೇಳಿ. ಉತ್ತರವನ್ನು ತಾರೀಖು ಹಾಕಿ ಅವರ ಮಾತಿನಲ್ಲೇ ಬರೆದುಕೊಳ್ಳಿ. ನಾನು ಇದಕ್ಕೆ 200 ಪುಟದ ಉದ್ದ ನೋಟುಬುಕ್ಕು ಇಟ್ಟಿದ್ದೇನೆ. ಎಡ ಪುಟದಲ್ಲಿ ಹೇಳಿದ್ದು, ಬಲ ಪುಟ ಮುಂದಿನ ಚುನಾವಣೆಯವರೆಗೆ ಖಾಲಿ. ಮಳೆಗಾಲದಲ್ಲಿ ಕಡಲ ಗಾಳಿಗೆ ಹಾಳೆ ಅಂಟಿಕೊಳ್ಳುತ್ತದೆ, ಆದ್ದರಿಂದ ಶಾಯಿ ಬೇಡ, ಬಾಲ್ ಪೆನ್ನಿನಲ್ಲಿ ಬರೆಯಿರಿ.