ಐಪ್ಟೇಸಿಯಾಕ್ಕೆ ಸುಣ್ಣ: ನನ್ನ ಅನುಭವ

"ತಮಾ, ಸುಣ್ಣ ಹಾಕಿದ್ರೆ ಟ್ಯಾಂಕೇ ಹೋಗ್ತದೆ" ಅಂತ ಗೆಳೆಯರೆಲ್ಲ ಹೇಳಿದ್ದರು. ಈಗ ಐದು ತಿಂಗಳಾಯಿತು. ಕಾರವಾರದ ನಮ್ಮ ಮನೆಯ ನಾಲ್ಕಡಿ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕ್‌ನಲ್ಲಿ ಒಂದೇ ಒಂದು ಐಪ್ಟೇಸಿಯಾ ಇಲ್ಲ. ಕಲ್ಲಿಗಂಟಿ ಕಳೆಯಂತೆ ಹಬ್ಬುವ, ಹೂವಿನಂಥ ಸಣ್ಣ ಕಡಲ ಪ್ರಾಣಿ (ಸೀ ಅನಿಮೋನ್) ಅದು.

ಹವಳಗಳಿರುವ ನೇತ್ರಾಣಿ ದ್ವೀಪ ನಮಗೇನೂ ದೂರವಲ್ಲ. ಆದರೆ ದಿಬ್ಬ ಕಟ್ಟುವ ಹವಳಗಳೆಲ್ಲ 2001ರಿಂದ ವನ್ಯಜೀವಿ ಕಾಯ್ದೆಯ ಷೆಡ್ಯೂಲ್ 1ರಲ್ಲಿವೆ. ಅಲ್ಲಿಂದ ಒಂದು ಚೂರನ್ನೂ ತರಬಾರದು, ನಾನು ತರುವುದೂ ಇಲ್ಲ. ಅದಕ್ಕೇ ಟ್ಯಾಂಕ್ ಮುಚ್ಚುತ್ತಿದ್ದ ಒಬ್ಬರಿಂದ ಹಳೆ ರಾಕ್ (ಟ್ಯಾಂಕ್‌ನೊಳಗೆ ಇಡುವ ಕಲ್ಲು) ತಂದೆ. ಹದಿನೆಂಟು ಕಿಲೋ ಇರಬೇಕು, ಏಳು ಸಾವಿರದ ಮೇಲೆ ಕೊಟ್ಟ ನೆನಪು. ಸೈಕಲ್ (ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಬೆಳೆಯುವ ಹಂತ) ಮುಗಿಯುವ ಮೊದಲೇ ಐದು ಐಪ್ಟೇಸಿಯಾ ತಲೆ ಎತ್ತಿದವು. ಚಾಕುವಿನಿಂದ ಕೆರೆದೆ. ಅದೇ ದೊಡ್ಡ ತಪ್ಪು. ಬುಡದ ಸಣ್ಣ ಚೂರು ಉಳಿದರೂ ಹೊಸದು ಹುಟ್ಟುತ್ತದೆ. ತಿಂಗಳೊಳಗೆ ನಲವತ್ತು ದಾಟಿದವು. ಐಪ್ಟೇಸಿಯಾ ತಿನ್ನುತ್ತವೆ ಅಂತ ಬೆಂಗಳೂರಿನಿಂದ ಮೂರು ಪೆಪ್ಪರ್‌ಮಿಂಟ್ ಶ್ರಿಂಪ್ (ಸಣ್ಣ ಸಿಗಡಿ) ತರಿಸಿದೆ, ಪಾರ್ಸೆಲ್ ಸೇರಿ ಮೂರು ಸಾವಿರ. ಅವು ಮೀನಿನ ಆಹಾರವನ್ನೇ ತಿಂದುಕೊಂಡು ಇದ್ದುಬಿಟ್ಟವು.

ಆಯಿ ಎಲೆಗೆ ಸುಣ್ಣ ಹಚ್ಚುವಾಗ ಹೊಳೆಯಿತು. ಅಕ್ವೇರಿಯಂನವರು ಐಪ್ಟೇಸಿಯಾ ಕೊಲ್ಲಲು ಬಳಸುವ ಕಾಲ್ಕ್ (ಕ್ಯಾಲ್ಸಿಯಂ ಹೈಡ್ರಾಕ್ಸೈಡ್) ಅಂದರೂ ಅದೇ ಅಲ್ವಾ? ಚಿಪ್ಪು ಸುಟ್ಟು ಮಾಡಿದ, ಏನೂ ಬೆರೆಸದ ಸುಣ್ಣ ತಂದೆ. ಇಪ್ಪತ್ತು ರೂಪಾಯಿ. ಆರ್‌ಓ ನೀರಿನಲ್ಲಿ ಗಟ್ಟಿ ಮೊಸರಿನ ಹದಕ್ಕೆ ಕಲಸಿ, ಬಟ್ಟೆಯಲ್ಲಿ ಸೋಸಬೇಕು. ಇಲ್ಲದಿದ್ದರೆ ಸಿರಿಂಜ್‌ನ ಸೂಜಿ ಕಟ್ಟಿಕೊಳ್ಳುತ್ತದೆ. ಪೇಸ್ಟ್ ತೇಲಿಹೋಗದಂತೆ ಇನ್ನೊಂದು ವಸ್ತು ಚಿಟಿಕೆ ಸೇರಿಸುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ಪಂಪ್ ಎಲ್ಲ ನಿಲ್ಲಿಸಿ. ಸೂಜಿಯನ್ನು ಐಪ್ಟೇಸಿಯಾದ ಬಾಯಿಯ ಹತ್ತಿರ ಮೆಲ್ಲಗೆ ಒಯ್ಯಬೇಕು. ಗಡಿಬಿಡಿ ಮಾಡಿದರೆ ಅದು ಸಟ್ಟನೆ ಕಲ್ಲಿನ ತೂತಿನೊಳಗೆ ಹೋಗುತ್ತದೆ. ಒಂದು ಹನಿ ಬಿಟ್ಟರೆ ತಿಂಡಿ ಎಂದುಕೊಂಡು ಎಳೆಗಳನ್ನು ಒಳಕ್ಕೆ ಮಡಚಿ ನುಂಗುತ್ತದೆ. ಆಮೇಲೆ ಮೇಲೆ ದಪ್ಪಗೆ ಮೆತ್ತಿ ತೂತು ಮುಚ್ಚಬೇಕು. ಅರ್ಧ ಗಂಟೆ ಬಿಟ್ಟು ಪಂಪ್ ಹಾಕುತ್ತೇನೆ.

ಮೊದಲ ದಿನ ಉಮೇದಿನಲ್ಲಿ ಹದಿನೈದಕ್ಕೆ ಹೊಡೆದೆ. ಸುಣ್ಣದಿಂದ ನೀರಿನ ಪಿಎಚ್ 8.7ರ ಹತ್ತಿರ ಏರಿತು, ಝೋವಾ (ಹವಳದ ಜಾತಿಯ ಪ್ರಾಣಿ) ಎರಡು ದಿನ ಬಾಯಿ ಬಿಡಲಿಲ್ಲ. ಆಮೇಲೆ ದಿನಕ್ಕೆ ನಾಲ್ಕೇ. ಅದೂ ಬೆಳಿಗ್ಗೆ ಲೈಟ್ ಹಾಕುವ ಮೊದಲು, ಆಗ ಪಿಎಚ್ ಇಳಿದಿರುತ್ತದೆ. ಆರು ವಾರ ಹಿಡಿಯಿತು.

ಕಲ್ಲಿನ ಜೊತೆ ಬಂದ ಬ್ರಿಸಲ್ ವರ್ಮ್‌ಗಳನ್ನು (ಮೈತುಂಬ ಮುಳ್ಳಿರುವ ಹುಳ) ಕೊಲ್ಲಲಿಲ್ಲ, ಉಳಿದ ಆಹಾರ ತಿಂದು ಕಲ್ಲಿನ ಸಂದಿ ಸ್ವಚ್ಛ ಇಡುತ್ತವೆ. ಒಮ್ಮೆ ಬರಿಗೈ ಹಾಕಿ ಮುಳ್ಳು ಚುಚ್ಚಿಸಿಕೊಂಡೆ. ಸೆಲ್ಲೋ ಟೇಪ್ ಅಂಟಿಸಿ ಎಳೆದರೆ ಮುಳ್ಳು ಬಂದುಬಿಡುತ್ತವೆ.

ಇನ್ನೊಂದು ಕಥೆ ಇದೆ. ರಾತ್ರಿ ಟಕ್ ಟಕ್ ಸದ್ದು, ಬೆಳಿಗ್ಗೆ ಒಡೆದ ಬಸವನಹುಳದ ಚಿಪ್ಪು. ಮಾಂಟಿಸ್ ಶ್ರಿಂಪ್, ಚಿಪ್ಪನ್ನು ಗುದ್ದಿ ಒಡೆಯುವ ಸಿಗಡಿಯಂಥ ಪ್ರಾಣಿ! ಬಾಟಲಿ ಬೋನು ಇಟ್ಟು ವಾರ ಕಳೆದೆ, ಬೀಳಲಿಲ್ಲ. ಕೆಂಪು ಬೆಳಕಿನಲ್ಲಿ ಕಾದು ತೂತು ಗುರುತಿಸಿದೆ. ಆ ಕಲ್ಲನ್ನು ಬಕೆಟ್ ಮೇಲೆ ಹಿಡಿದು ಸಿಹಿಯಿಲ್ಲದ, ಗ್ಯಾಸ್ ಇರುವ ಸೋಡಾವನ್ನು ಸಿರಿಂಜ್‌ನಲ್ಲಿ ತೂತಿಗೆ ಬಿಟ್ಟೆ. ಎರಡನೇ ಸಲಕ್ಕೇ ಹೊರಗೆ ಬಿತ್ತು, ಬೆರಳುದ್ದದ ಹಸಿರು ಪ್ರಾಣಿ. ಕೊಲ್ಲಲು ಮನಸ್ಸಾಗಲಿಲ್ಲ. ಈಗ ಬೇರೆ ಸಣ್ಣ ಟ್ಯಾಂಕ್‌ನಲ್ಲಿದೆ. ಕಾಳಿ ನದಿಯ ಬಳಚು ಹಾಕಿದರೆ ಹಾಲ್‌ವರೆಗೂ ಸದ್ದು ಕೇಳುವಂತೆ ಒಡೆದು ತಿನ್ನುತ್ತದೆ.