ಕಂಟ್ರಾಕ್ಟರ್ ಜತೆ ಜಗಳವೇ? ಮೊದಲು ದೂರನ್ನು ಬಿಡಿಸಿ ನೋಡಿ

ಮನೆ ಕಟ್ಟಿಸುವವರಿಗೂ ಕಟ್ಟುವವರಿಗೂ ಜಗಳ ಹತ್ತಿದರೆ ಮೊದಲು ಬರುವ ಮಾತು ‘ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ’. ಠಾಣೆಯಲ್ಲಿ ಸಿಗುವ ಉತ್ತರ ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’. ಈ ಉತ್ತರ ಬಹಳ ಸಲ ಸರಿಯೇ, ಆದರೆ ಎಲ್ಲ ಸಲವೂ ಅಲ್ಲ. ನಮ್ಮ ಒಂದೇ ದೂರಿನಲ್ಲಿ ಮೂರು ಬಗೆಯ ತಪ್ಪುಗಳು ಕಲಸಿಹೋಗಿರುವುದೇ ಗೊಂದಲಕ್ಕೆ ಕಾರಣ.

ಹಂತ 1: ಮೂರು ಪಾಲು ಮಾಡಿ

ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ. ಯುಗಾದಿಗೆ ಗೃಹಪ್ರವೇಶ ಎಂದವರು ದೀಪಾವಳಿಗೂ ಮುಗಿಸಿಲ್ಲ, ತೇಗದ ಬಾಗಿಲೆಂದು ಬರೆದುಕೊಟ್ಟು ಬೇರೆ ಮರ ಹಾಕಿದ್ದಾರೆ: ಇವು ಕರಾರು ಮುರಿದ ಲೆಕ್ಕಕ್ಕೆ. ಸೆಂಟ್ರಿಂಗ್ (ಹಸಿ ಕಾಂಕ್ರೀಟಿಗೆ ಕೊಟ್ಟ ಆಸರೆ) ಬೇಗ ಬಿಚ್ಚಿ ಮೋಲ್ಡ್ (ಕಾಂಕ್ರೀಟ್ ತಾರಸಿ) ಬಿರುಕು ಬಿಟ್ಟಿದೆ, ಪಾಯ ತೋಡುವಾಗ ಪಕ್ಕದವರ ಗೋಡೆ ಸೀಳಿದೆ: ಇವು ನಿರ್ಲಕ್ಷ್ಯ. ಬಾಕಿ ಹಣಕ್ಕಾಗಿ ರಾತ್ರಿ ಬಂದು ಕಿಟಕಿ ಕಿತ್ತೊಯ್ದಿದ್ದಾರೆ, ಬೆದರಿಸಿದ್ದಾರೆ: ಇವು ಬೇಕೆಂದೇ ಮಾಡಿದ್ದು.

ಕಡೆಯ ಎರಡನ್ನೂ ಕಾನೂನು ‘ಅಪಕೃತ್ಯ’ ಎನ್ನುತ್ತದೆ. ಇವುಗಳಿಗೆ ಪರಿಹಾರ ಕೇಳಲು ಕರಾರು ಇರಲೇಬೇಕೆಂದಿಲ್ಲ. ನಿಮ್ಮ ಕಂಟ್ರಾಕ್ಟರಿಗೂ ಪಕ್ಕದ ಮನೆಯವರಿಗೂ ಯಾವ ಕಾಗದವೂ ಆಗಿಲ್ಲದಿದ್ದರೂ ಅವರು ದಾವೆ ಹೂಡಬಲ್ಲರು.

ಹಂತ 2: ನಿರ್ಲಕ್ಷ್ಯಕ್ಕೆ ಅಳತೆಗೋಲು ಹುಡುಕಿ

ಹೆಚ್ಚಿನ ಕೇಸುಗಳು ಸೋಲುವುದು ಇಲ್ಲೇ. ‘ಕೆಲಸ ಸರಿಯಿಲ್ಲ’ ಎಂದರೆ ಸಾಲದು. ಜಾಗ್ರತೆಯ ಮಟ್ಟ ಯಾವುದಿತ್ತು, ಅದಕ್ಕಿಂತ ಎಲ್ಲಿ ಕೆಳಗಿಳಿದರು, ಹಾನಿ ಆದದ್ದು ಅದರಿಂದಲೇ ಹೌದೇ ಎಂಬುದನ್ನು ತೋರಿಸಬೇಕು. ಕಾಂಕ್ರೀಟಿನ ಮಟ್ಟಿಗೆ ಐಎಸ್ 456:2000 ಎಂಬ ಭಾರತೀಯ ಮಾನಕ ಒಳ್ಳೆಯ ಅಳತೆಗೋಲು. ಸ್ಲ್ಯಾಬಿನ ಸ್ಪ್ಯಾನ್ (ಎರಡು ಆಧಾರಗಳ ನಡುವಿನ ಅಂತರ) 4.5 ಮೀಟರ್ ಒಳಗಿದ್ದರೆ ಆಸರೆ ಕಂಬಗಳು 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ಇರಬೇಕು. ಕ್ಯೂರಿಂಗ್ (ನೀರು ಹಾಕಿ ಹದಗೊಳಿಸುವುದು) ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ 10 ದಿನ. ಕಾಂಕ್ರೀಟಿನ ಗಟ್ಟಿತನದ ಬಗ್ಗೆಯೇ ಅನುಮಾನವಿದ್ದರೆ ಕೋರ್ ಟೆಸ್ಟ್ ಮಾಡಿಸಬಹುದು. ಕನಿಷ್ಠ 3 ತುಂಡು ಕೊರೆದು ತೆಗೆಯಬೇಕು. ಅವುಗಳ ಸರಾಸರಿ ಬಲ ಇರಬೇಕಾದದ್ದರ ಶೇ 85 ಮುಟ್ಟಬೇಕು, ಒಂದು ತುಂಡೂ ಶೇ 75ಕ್ಕಿಂತ ಕೆಳಗಿಳಿಯಬಾರದು.

ಎದುರು ಕಡೆಯವರ ವಾದವನ್ನೂ ಮೊದಲೇ ಊಹಿಸಿ. ಲೇಬರ್ ಕಾಂಟ್ರಾಕ್ಟಿನಲ್ಲಿ ನೀರು ಹಾಕುವ ಹೊಣೆ ಮಾಲೀಕರದೆಂದು ಬರೆದಿದ್ದರೆ, ಬಿರುಕಿನಲ್ಲಿ ನಿಮಗೂ ಪಾಲು ಬರುತ್ತದೆ. ಎಂಜಿನಿಯರ್ ಬೇಡವೆಂದರೂ ನೀವೇ ಹಟ ಹಿಡಿದು ಮೇಲೊಂದು ಅಂತಸ್ತು ಏರಿಸಿದ್ದರೂ ಅಷ್ಟೇ.

ದುರಸ್ತಿಗೆ ಮುನ್ನ ದಿನಾಂಕ ಕಾಣುವಂತೆ ಫೋಟೊ, ವಿಡಿಯೊ ತೆಗೆಯಿರಿ. ಸ್ವತಂತ್ರ ಸಿವಿಲ್ ಎಂಜಿನಿಯರ್ ವರದಿ ಪಡೆಯಿರಿ. ಕೋರ್ಟಿಗೆ ಹೋದ ಮೇಲೆ ಸ್ಥಳ ಪರಿಶೀಲನೆಗೆ ಕೋರ್ಟ್ ಕಮಿಷನರ್ ನೇಮಕವನ್ನೂ ಕೋರಬಹುದು. ಆದರೆ ವರ್ಷಗಟ್ಟಲೆ ಸೋರಲು ಬಿಟ್ಟು, ಹೆಚ್ಚಿದ ಹಾನಿಯನ್ನೆಲ್ಲ ಕಂಟ್ರಾಕ್ಟರ್ ತಲೆಗೆ ಕಟ್ಟಲಾಗದು. ನಷ್ಟ ತಗ್ಗಿಸಲು ನಿಮಗಿದ್ದ ದಾರಿಯನ್ನೂ ಗಮನಿಸಬೇಕೆಂದು 1872ರ ಕರಾರು ಕಾಯ್ದೆಯ 73ನೇ ಸೆಕ್ಷನ್ ಹೇಳುತ್ತದೆ. ವಾಟ್ಸ್‌ಆ್ಯಪ್ ಮಾತುಕತೆ ಅಳಿಸಬೇಡಿ, ಫೋನನ್ನೂ ಮಾರಬೇಡಿ. ಡಿಜಿಟಲ್ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ.

ಹಂತ 3: ನೀವೇ ಆರೋಪಿಯಾಗಬೇಡಿ

‘ಕೆಲಸ ಮುಗಿಸೋವರೆಗೂ ಮಿಕ್ಸರ್ ಮೆಷಿನ್ ಕೊಡಲ್ಲ’ ಎಂದು ಗೇಟಿಗೆ ಬೀಗ ಹಾಕುವ ಮಾಲೀಕರು ಬೇಕಾದಷ್ಟು. ಕರಾರಿನಲ್ಲಿ ಅಂಥ ಹಕ್ಕು ಇಲ್ಲದಿದ್ದರೆ ಅದು ಪರರ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಂಡಂತೆ. ಸೆಂಟ್ರಿಂಗ್ ಶೀಟು ಬಾಡಿಗೆಗೆ ತಂದದ್ದಾದರೆ ಆ ಬಾಡಿಗೆಯೂ ನಿಮ್ಮ ತಲೆಗೆ ಬರಬಹುದು. ಪಟ್ಟಿ ಮಾಡಿ, ಸಾಕ್ಷಿಗಳೆದುರು ಸಹಿ ಹಾಕಿಸಿ ವಾಪಸ್ ಕೊಡಿ. ಹಾಗೆಯೇ ಬಾಕಿ ಎಷ್ಟೇ ಇರಲಿ, ಗೋಡೆಗೆ ಕೂರಿಸಿದ ಕಿಟಕಿಯನ್ನು ಕಿತ್ತೊಯ್ಯುವ ಹಕ್ಕು ಕಂಟ್ರಾಕ್ಟರಿಗಿಲ್ಲ; ಅವರು ಬಾಕಿಗೆ ದಾವೆ ಹೂಡಬೇಕು.

ಹಂತ 4: ಸರಿಯಾದ ಬಾಗಿಲು ತಟ್ಟಿ

ವಾಸದ ಮನೆಯಾದರೆ ಗ್ರಾಹಕ ಆಯೋಗವೇ ನನ್ನ ಮೊದಲ ಆಯ್ಕೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ವಸತಿ ನಿರ್ಮಾಣವೂ ‘ಸೇವೆ’. ನೀವು ಕೊಟ್ಟ ಹಣ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ. ಇಲ್ಲಿ ಲೆಕ್ಕಕ್ಕೆ ಬರುವುದು ಕೊಟ್ಟ ಹಣ, ಕೇಳುವ ಪರಿಹಾರವಲ್ಲ. 20ರಿಂದ 50 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ 1,000 ರೂಪಾಯಿ. ಕರಾರಿನಲ್ಲಿ ಮಧ್ಯಸ್ಥಿಕೆಯ (ಆರ್ಬಿಟ್ರೇಷನ್) ಷರತ್ತಿದ್ದರೂ ಈ ಬಾಗಿಲು ಮುಚ್ಚುವುದಿಲ್ಲ. ದೂರು ಕೊಡಲು ಇರುವ ಅವಧಿ ಮಾತ್ರ 2 ವರ್ಷ. ಕರಾರು ಉಲ್ಲಂಘನೆ, ಅತಿಕ್ರಮ ಪ್ರವೇಶಗಳಿಗೆ ಸಿವಿಲ್ ಕೋರ್ಟಿನಲ್ಲಿ 3 ವರ್ಷ, ಮಾನಹಾನಿಗೆ ಒಂದೇ ವರ್ಷ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಇರುವುದು ಬಿಲ್ಡರಿಂದ ಫ್ಲ್ಯಾಟು, ನಿವೇಶನ ಕೊಂಡವರಿಗೆ. ಸ್ವಂತ ಸೈಟಿನಲ್ಲಿ ಕಟ್ಟಿಸುವವರು ಅಲ್ಲಿ ಕಾಲ ಕಳೆಯಬೇಡಿ.

ಇನ್ನು ಪೊಲೀಸ್. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಇದೆ. ಆದರೆ ಅಡ್ವಾನ್ಸ್ ಪಡೆಯುವಾಗಲೇ ಮೋಸದ ಉದ್ದೇಶವಿತ್ತೆಂದು ತೋರಬೇಕು. ಆಮೇಲೆ ಮಾತು ತಪ್ಪಿದರೆ ಅದಷ್ಟೇ ವಂಚನೆಯಾಗದೆಂದು ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ. ಬೆದರಿಕೆ, ಕಳವು, ಜೀವಕ್ಕೆ ಅಪಾಯ ತರುವಂಥ ಕಟ್ಟುವ ಕೆಲಸ ನಡೆದಿದ್ದರೆ ಮಾತ್ರ ಧಾರಾಳವಾಗಿ ಠಾಣೆಗೆ ಹೋಗಿ.

ಪಕ್ಕದವರ ಗೋಡೆ ಸೀಳಿದ್ದರೆ

‘ಕಂಟ್ರಾಕ್ಟರನ್ನೇ ಕೇಳಿ’ ಎಂದು ನೀವು ಜಾರಿಕೊಳ್ಳುವುದು ಕಷ್ಟ. ಸ್ವತಂತ್ರ ಗುತ್ತಿಗೆದಾರರ ತಪ್ಪಿಗೆ ಮಾಲೀಕರು ಹೊಣೆಯಲ್ಲ ಎಂಬುದು ಸಾಮಾನ್ಯ ನಿಯಮ. ಆದರೆ ಪಕ್ಕದ ಕಟ್ಟಡದ ಆಸರೆಯನ್ನೇ ಕದಲಿಸುವ ಅಗೆತದಲ್ಲಿ ಹೊಣೆಯನ್ನು ಗುತ್ತಿಗೆ ಕೊಟ್ಟು ಕೈತೊಳೆದುಕೊಳ್ಳಲಾಗದೆಂದು 1876ರ ಇಂಗ್ಲಿಷ್ ತೀರ್ಪು, ಬೋವರ್ ವಿರುದ್ಧ ಪೀಟ್, ಹೇಳಿತು. ಆದ್ದರಿಂದ ಪಾಯ ತೋಡುವ ಮುನ್ನವೇ ಪಕ್ಕದವರನ್ನು ಜತೆಗಿಟ್ಟುಕೊಂಡು ಅವರ ಗೋಡೆಯ ಫೋಟೊ ತೆಗೆದಿಡಿ. ಅಕ್ಕಪಕ್ಕದವರಿಗೆ ನೀವು ಕೊಡಬೇಕಾಗಿ ಬರುವ ಪರಿಹಾರವನ್ನು ಕಂಟ್ರಾಕ್ಟರ್ ತುಂಬಿಕೊಡಬೇಕೆಂಬ ಸಾಲನ್ನೂ ಕರಾರಿಗೆ ಸೇರಿಸಿ.